ರಿಪೋರ್ಟ್ ನಾರ್ಮಲ್ ಬಂದರೆ ಕಾಯಿಲೆಯೇ ಇಲ್ಲವೇ? ಜಾರ್ಜ್ ಗರ್ಶ್ವಿನ್ ಮೂಗಿಗೆ ಬಡಿದ ಸುಟ್ಟ ರಬ್ಬರ್ ವಾಸನೆ

ರಿಪೋರ್ಟ್ ನಾರ್ಮಲ್ ಇದೆ ಅಂದಮೇಲೆ ಕಾಯಿಲೆಯೇ ಇಲ್ಲ, ಎಲ್ಲ ಬರೀ ಟೆನ್ಷನ್. ಈ ಮಾತು ವಾಟ್ಸಾಪ್‌ನಲ್ಲೂ ಓಡಾಡುತ್ತದೆ, ಮನೆಗೆ ಬಂದ ನೆಂಟರ ಬಾಯಲ್ಲೂ ಬರುತ್ತದೆ. ಫೈಲ್ ಹಿಡಿದು ನರರೋಗ ತಜ್ಞರ ಕೋಣೆಯ ಹೊರಗೆ ಕಾಯುತ್ತಿರುವವರಿಗೆ ಇದು ಅರ್ಧ ಸಮಾಧಾನ, ಅರ್ಧ ಅವಮಾನ. ಮಾತು ಎಷ್ಟು ನಿಜ ಎಂದು ತಿಳಿಯಲು ನಾವು ಅಮೆರಿಕದ ಒಬ್ಬ ಸಂಗೀತಗಾರರ ಕೊನೆಯ ಆರು ತಿಂಗಳನ್ನು ನೋಡೋಣ.

ಜಾರ್ಜ್ ಗರ್ಶ್ವಿನ್ ಹುಟ್ಟಿದ್ದು 1898ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಶಾಲೆ ಅರ್ಧಕ್ಕೇ ಬಿಟ್ಟು ಪಿಯಾನೋ ನುಡಿಸುವ ಕೆಲಸಕ್ಕೆ ಸೇರಿದ ಹುಡುಗ. 1924ರಲ್ಲಿ ಬಂದ ‘ರ‍್ಯಾಪ್ಸಡಿ ಇನ್ ಬ್ಲೂ’ ಅವರನ್ನು ಮನೆಮಾತಾಗಿಸಿತು. 1936ರಲ್ಲಿ ಅಣ್ಣ ಐರಾ ಜೊತೆ ಹಾಲಿವುಡ್‌ಗೆ ಹೋದರು. ಅಣ್ಣ ಹಾಡು ಬರೆಯುವುದು, ತಮ್ಮ ರಾಗ ಹಾಕುವುದು.

1937ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅವರ ಕಛೇರಿ. ತಾವೇ ಬರೆದ, ಎಷ್ಟೋ ಸಲ ನುಡಿಸಿದ ಕೃತಿ. ನಡುವೆ ಕೆಲವು ಕ್ಷಣ ಕೈ ತಪ್ಪಿತು. ಅದೇ ಹೊತ್ತಿಗೆ ಮೂಗಿಗೆ ಸುಟ್ಟ ರಬ್ಬರ್ ವಾಸನೆ. ಸಭಾಂಗಣದಲ್ಲಿ ಏನೂ ಸುಟ್ಟಿರಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಅದೇ ವಾಸನೆ ಮತ್ತೆ ಬಂತು. ಜೊತೆಗೆ ತಲೆಸುತ್ತು, ತಡೆಯಲಾಗದ ತಲೆನೋವು. ಬೆಳಕು ಕಂಡರೆ ಆಗದು. ಊಟಕ್ಕೆ ಕೂತರೆ ಕೈಯಲ್ಲಿದ್ದದ್ದು ಜಾರುತ್ತಿತ್ತು. ಸುತ್ತಲಿನ ಹಲವರಿಗೆ ಇದು ಕೆಲಸದ ಒತ್ತಡದಂತೆ, ಕೆಲವರಿಗೆ ಗಮನ ಸೆಳೆಯುವ ಆಟದಂತೆ ಕಂಡಿತು. ಮನೋವೈದ್ಯರ ಬಳಿಯೂ ಹೋಗಿದ್ದರು.

ಜೂನ್ ಕೊನೆಯಲ್ಲಿ ಆಸ್ಪತ್ರೆಗೆ ಸೇರಿ ಕೆಲವು ದಿನ ಪರೀಕ್ಷೆ ಮಾಡಿಸಿಕೊಂಡರು. ಗೆಡ್ಡೆ ಇದೆ ಎನ್ನುವಂಥದ್ದು ಸಿಗಲಿಲ್ಲ. ಬೆನ್ನಿನಿಂದ ನೀರು ತೆಗೆದು ನೋಡುವ ಪರೀಕ್ಷೆಯೊಂದು ಬಾಕಿಯಿತ್ತು. ನೋವಿಗೆ ಹೆದರಿ ಅವರು ಒಪ್ಪಲಿಲ್ಲ. ಬಿಡುಗಡೆಯಾಗುವಾಗ ಆಸ್ಪತ್ರೆಯ ದಾಖಲೆಯಲ್ಲಿ ಹಿಸ್ಟೀರಿಯಾ ಇರಬಹುದೆಂಬ ಟಿಪ್ಪಣಿ ಸೇರಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ಆ ವೈದ್ಯರನ್ನು ದಡ್ಡರೆಂದು ಬೈಯುವುದು ಸುಲಭ. ಆದರೆ ಅವರ ಕೈಯಲ್ಲಿ ಏನಿತ್ತು? ಎಕ್ಸ್‌ರೇಯಲ್ಲಿ ತಲೆಬುರುಡೆ ಕಾಣುತ್ತದೆ, ಒಳಗಿನ ಮೆತ್ತನೆಯ ಮಿದುಳು ಕಾಣುವುದಿಲ್ಲ. ಮಿದುಳನ್ನು ತೋರಿಸುವ ಸಿಟಿ ಸ್ಕ್ಯಾನ್‌ನಲ್ಲಿ ಮೊದಲ ರೋಗಿಯನ್ನು ನೋಡಿದ್ದೇ 1971ರಲ್ಲಿ. ಬೆನ್ನಿನ ನೀರು ತೆಗೆಯುವುದೂ, ತಲೆಯೊಳಗೆ ಒತ್ತಡ ಏರಿದ್ದರೆ, ಅಪಾಯದ ಕೆಲಸವೇ. ಅಂದರೆ ಬಂದ ‘ನಾರ್ಮಲ್’ ಸುಳ್ಳಲ್ಲ. ಆ ಪರೀಕ್ಷೆಗಳಿಗೆ ಕಾಣಬಹುದಾದದ್ದು ಕಾಣಲಿಲ್ಲ, ಅಷ್ಟೇ ಅದರ ಅರ್ಥ. ತಪ್ಪಾದದ್ದು ಆ ಖಾಲಿ ಜಾಗದಲ್ಲಿ ‘ಮನಸ್ಸಿನ ಕಾಯಿಲೆ’ ಎಂದು ಬರೆದಾಗ.

ಸುಳಿವಂತೂ ಇತ್ತು. ಇಲ್ಲದ ವಾಸನೆ ಬರುವುದು ಮಿದುಳಿನ ಪಕ್ಕದ ಭಾಗದಿಂದ, ಅಂದರೆ ಟೆಂಪೊರಲ್ ಲೋಬ್‌ನಿಂದ, ಏಳುವ ಒಂದು ಬಗೆಯ ಫಿಟ್ಸ್‌ನ ಲಕ್ಷಣ. ಇದನ್ನು ಇಂಗ್ಲೆಂಡಿನ ವೈದ್ಯ ಹ್ಯೂಲಿಂಗ್ಸ್ ಜಾಕ್ಸನ್ 19ನೇ ಶತಮಾನದಲ್ಲೇ ವಿವರಿಸಿದ್ದರು.

ಜುಲೈ 9ರಂದು ಗರ್ಶ್ವಿನ್ ಪ್ರಜ್ಞೆ ತಪ್ಪಿದರು. ಈ ಬಾರಿ ಕಣ್ಣಿನ ಹಿಂಭಾಗದಲ್ಲಿ ಊತ ಕಂಡಿತು. ಅದು ತಲೆಯೊಳಗಿನ ಒತ್ತಡದ ಗುರುತು. ಹೆಸರಾಂತ ಮಿದುಳು ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ ಚೆಸಪೀಕ್ ಕೊಲ್ಲಿಯಲ್ಲಿ ಹಡಗಿನ ಮೇಲೆ ರಜೆಯಲ್ಲಿದ್ದರು. ಅವರನ್ನು ಹುಡುಕಲು ಸರ್ಕಾರದ ನೆರವು ಪಡೆಯಲಾಯಿತು. ಅವರು ಬಂದು ತಲುಪುವಷ್ಟು ಸಮಯವಿರಲಿಲ್ಲ. ಇನ್ನೊಬ್ಬ ತಜ್ಞ ಹೋವರ್ಡ್ ನ್ಯಾಫ್ಜಿಗರ್ ಆಪರೇಷನ್‌ಗೆ ನಿಂತರು. ಬಲ ಟೆಂಪೊರಲ್ ಲೋಬ್‌ನಲ್ಲೇ ಗೆಡ್ಡೆಯಿತ್ತು. ಜುಲೈ 11ರ ಬೆಳಿಗ್ಗೆ ಗರ್ಶ್ವಿನ್ ತೀರಿಕೊಂಡರು. ವಯಸ್ಸು 38.

ಮೊದಲೇ ಗೊತ್ತಾಗಿದ್ದರೆ ಉಳಿಯುತ್ತಿದ್ದರೇ? ಬಹುಶಃ ಇಲ್ಲ. ಅದನ್ನು ಗ್ಲಯೋಬ್ಲಾಸ್ಟೋಮಾ ಎಂದು ಗುರುತಿಸಲಾಯಿತು. ಇಂದಿಗೂ ಅದನ್ನು ಪೂರ್ತಿ ಗುಣಪಡಿಸಲು ಆಗುತ್ತಿಲ್ಲ. ಆದರೆ ಕೊನೆಯ ವಾರಗಳಲ್ಲಿ ಅವರನ್ನು ನಾಟಕ ಮಾಡುವವರೆಂದು ಯಾರೂ ನೋಡುತ್ತಿರಲಿಲ್ಲ. ನಮ್ಮ ಮಟ್ಟಿಗೆ ಅದು ಸಣ್ಣ ವಿಷಯವಲ್ಲ.

ಇದನ್ನೋದಿ ತಲೆನೋವಿಗೆಲ್ಲ ಹೆದರಬೇಡಿ. ಬಹುಪಾಲು ತಲೆನೋವಿಗೆ ಗೆಡ್ಡೆ ಕಾರಣವಲ್ಲ. ಎಂಆರ್‌ಐ ಇರುವ ಈ ಕಾಲದಲ್ಲಿ ಇಂಥ ಗೆಡ್ಡೆ ಅಷ್ಟು ಸುಲಭವಾಗಿ ತಪ್ಪಿಸಿಕೊಳ್ಳುವುದೂ ಇಲ್ಲ. ಆದರೆ ಇಂದಿನ ಪರೀಕ್ಷೆಗಳಿಗೂ ಮಿತಿಯಿದೆ. ಅರ್ಧ ಗಂಟೆಯ ಇಇಜಿ ಮಾಡುವಾಗ ಫಿಟ್ಸ್ ಬರದಿದ್ದರೆ ರಿಪೋರ್ಟ್ ನಾರ್ಮಲ್ ಬರಬಹುದು, ಫಿಟ್ಸ್ ಕಾಯಿಲೆ ಇದ್ದೂ ಇರಬಹುದು. ಇನ್ನೊಂದು ಕಡೆ, ವಯಸ್ಸಾದವರ ಎಂಆರ್‌ಐನಲ್ಲಿ ಬರುವ ಬಿಳಿ ಚುಕ್ಕೆಗಳು ಎಷ್ಟೋ ಸಲ ಯಾವ ತೊಂದರೆಗೂ ಕಾರಣವಾಗಿರುವುದಿಲ್ಲ. ಹಾಗಾಗಿ ವೈದ್ಯರನ್ನು ನೇರವಾಗಿ ಕೇಳಿ: ಈ ಪರೀಕ್ಷೆಯಲ್ಲಿ ಯಾವುದು ಕಾಣುವುದಿಲ್ಲ? ಯಾವ ಲಕ್ಷಣ ಬಂದರೆ ತಕ್ಷಣ ಬರಬೇಕು? ಏನಾಯಿತು, ಎಷ್ಟು ಹೊತ್ತಿತ್ತು ಎಂದು ದಿನಾಂಕದ ಜೊತೆ ಬರೆದಿಡಿ. ಆ ಹೊತ್ತಿನಲ್ಲಿ ಮನೆಯವರು ಮೊಬೈಲ್‌ನಲ್ಲಿ ತೆಗೆದ ವಿಡಿಯೋ ಕೆಲವೊಮ್ಮೆ ಸ್ಕ್ಯಾನ್‌ಗಿಂತ ಹೆಚ್ಚು ಹೇಳುತ್ತದೆ.

ಗರ್ಶ್ವಿನ್ ಮೆಚ್ಚಿದ್ದ ಫ್ರಾನ್ಸಿನ ಸಂಗೀತಗಾರ ಮೊರಿಸ್ ರವೆಲ್ ಕೂಡ ಅದೇ ವರ್ಷ ಹೋದರು. ಮಾತು, ಬರಹ ಕೈಕೊಡುತ್ತಿದ್ದ ಅವರಿಗೆ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ತಲೆಯ ಆಪರೇಷನ್ ಆಯಿತು. ತೆರೆದು ನೋಡಿದರೆ ಗೆಡ್ಡೆ ಇರಲಿಲ್ಲ. 28ರಂದು ಅವರು ತೀರಿಕೊಂಡರು. ಅವರಿಗಿದ್ದ ಕಾಯಿಲೆ ಯಾವುದೆಂದು ನರರೋಗ ತಜ್ಞರು ಇಂದಿಗೂ ಚರ್ಚಿಸುತ್ತಿದ್ದಾರೆ.