ಫೋಟೋ 51 ಆದಮೇಲೆ

ರೋಸಲಿಂಡ್ ಫ್ರಾಂಕ್ಲಿನ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಫೋಟೋ 51. 1952ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಅವರು ಮತ್ತು ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್ ಸೇರಿ ತೆಗೆದ ಡಿಎನ್‌ಎ ಚಿತ್ರ. ಅವರಿಗೆ ಗೊತ್ತಿಲ್ಲದೆಯೇ ಅದು ವಾಟ್ಸನ್ ಕಣ್ಣಿಗೆ ಬಿತ್ತು, ನೊಬೆಲ್ ಬೇರೆಯವರ ಪಾಲಾಯಿತು. ಈ ಕಥೆಯನ್ನ ಎಷ್ಟು ಸಲ ಕೇಳಿದೀವಿ ಅಂದ್ರೆ, ಅವರ ಬದುಕು ಆ ಫೋಟೋಗೇ ಮುಗಿದುಹೋಯ್ತೇನೋ ಅನ್ನಿಸಿಬಿಡುತ್ತೆ. ನನ್ನ ಪ್ರಕಾರ ಅವರ ಒಳ್ಳೇ ಕಾಲ ಶುರುವಾದದ್ದೇ ಆ ಕಾಲೇಜು ಬಿಟ್ಟಮೇಲೆ.

ಹುಟ್ಟಿದ್ದು 1920ರ ಜುಲೈ 25, ಲಂಡನ್. ಓದಿದ್ದು ಕೇಂಬ್ರಿಜ್. ಯುದ್ಧದ ವರ್ಷಗಳಲ್ಲಿ ಕಲ್ಲಿದ್ದಲಿನ ಸೂಕ್ಷ್ಮ ರಂಧ್ರಗಳ ಮೇಲೆ ಕೆಲಸ, 1945ರಲ್ಲಿ ಪಿಎಚ್‌ಡಿ. ಆಮೇಲೆ ಪ್ಯಾರಿಸ್. ಕಾಯಿಸಿದರೆ ಯಾವ ಕಾರ್ಬನ್ ಗ್ರಾಫೈಟ್ ಆಗುತ್ತೆ, ಯಾವುದು ಆಗಲ್ಲ ಅಂತ ಎಕ್ಸ್-ರೇ ಹಿಡಿದು ವಿಂಗಡಿಸಿದ್ದು ಆಗಲೇ. ಮೆಟೀರಿಯಲ್ಸ್ ಓದೋ ಗೆಳೆಯರು ಅವರನ್ನ ತಮ್ಮವರು ಅಂತ ಹೇಳ್ಕೊಂಡರೆ ತಪ್ಪಿಲ್ಲ.

1953ರಲ್ಲಿ ಬರ್ಕ್‌ಬೆಕ್ ಕಾಲೇಜಿಗೆ, ಜೆ. ಡಿ. ಬರ್ನಲ್ ಅವರ ವಿಭಾಗಕ್ಕೆ ಬಂದರು. ಹಳೇ ಮನೆಯ ಮೇಲಿನ ಮಹಡಿಯಲ್ಲಿ ಅವರ ಕೋಣೆ, ಎಕ್ಸ್-ರೇ ಯಂತ್ರ ನೆಲಮಾಳಿಗೆಯಲ್ಲಿ. ಕೈಗೆತ್ತಿಕೊಂಡದ್ದು ಹೊಗೆಸೊಪ್ಪಿನ ಎಲೆಗೆ ಮಚ್ಚೆ ತರಿಸುವ ಟಿಎಂವಿ ವೈರಸ್. 300 ನ್ಯಾನೋಮೀಟರ್ ಉದ್ದ, 18 ನ್ಯಾನೋಮೀಟರ್ ದಪ್ಪದ ಕಡ್ಡಿ. ಎಲೆಯ ಜೀವಕೋಶದೊಳಗೇ ತಯಾರಾಗುವ ನ್ಯಾನೋಕಣ ಇದು. ಕಡ್ಡಿಗಳೆಲ್ಲ ಒಂದೇ ಉದ್ದ ಅಂತ 1955ರಲ್ಲಿ ಬರೆದರು. ಆ ಕ್ಷೇತ್ರದ ದೊಡ್ಡ ಹೆಸರು ನಾರ್ಮನ್ ಪಿರಿ ಅವರ ಅಭಿಪ್ರಾಯ ಇದಕ್ಕೆ ಪೂರ್ತಿ ವಿರುದ್ಧ. ಕೊನೆಗೆ ಫ್ರಾಂಕ್ಲಿನ್ ಹೇಳಿದ್ದೇ ಸರಿಯಾಯಿತು.

ಕಡ್ಡಿಯಲ್ಲಿರೋದು ಬಹುಪಾಲು ಪ್ರೋಟೀನ್, ಸ್ವಲ್ಪ ಆರ್‌ಎನ್‌ಎ. ಆ ಆರ್‌ಎನ್‌ಎ ಎಲ್ಲಿದೆ? ಅಕ್ಷದಿಂದ 4 ನ್ಯಾನೋಮೀಟರ್ ದೂರದಲ್ಲಿ ಏನೋ ದಟ್ಟವಾಗಿರುವುದನ್ನು ಅಮೆರಿಕದ ಡೊನಾಲ್ಡ್ ಕ್ಯಾಸ್ಪರ್ ಕಂಡಿದ್ದರು, ಆದರೆ ಅದು ಏನು ಅಂತ ಅಷ್ಟರಿಂದಲೇ ಹೇಳೋಕಾಗಲ್ಲ. ಫ್ರಾಂಕ್ಲಿನ್ ಮಾಡಿದ್ದು ಕಳೆಯುವ ಲೆಕ್ಕ. ಪೂರ್ತಿ ವೈರಸ್ಸಿನ ಕಡ್ಡಿಯ ಅಳತೆಯನ್ನೂ, ಆರ್‌ಎನ್‌ಎ ಇಲ್ಲದೆ ಬರೀ ಪ್ರೋಟೀನಿನಿಂದ ಕಟ್ಟಿಕೊಂಡ ಕಡ್ಡಿಯ ಅಳತೆಯನ್ನೂ ಪಕ್ಕಪಕ್ಕ ಇಟ್ಟರು. ಎರಡನೆಯದರಲ್ಲಿ ಆ ದಟ್ಟ ಜಾಗವೇ ಮಾಯ! 1956ರಲ್ಲಿ ಇಬ್ಬರ ಲೇಖನಗಳೂ ನೇಚರ್ ಪತ್ರಿಕೆಯಲ್ಲಿ ಒಟ್ಟಿಗೆ ಬಂದವು. ಆರ್‌ಎನ್‌ಎ ನಡುವಿನ ತೂತಿನಲ್ಲಿ ಸಡಿಲವಾಗಿ ಬಿದ್ದಿಲ್ಲ, ಪ್ರೋಟೀನ್ ಗೋಡೆಯೊಳಗೇ ಸುರುಳಿಯಾಗಿ ಹುದುಗಿದೆ.

ಅದರಲ್ಲೇನು ಮಹಾ ಅಂತೀರಾ? ಆಮೇಲೆ ಕೂಡಿಬಂದ ಲೆಕ್ಕ ನೋಡಿ. ಸುಮಾರು 2,130 ಪ್ರೋಟೀನ್ ತುಣುಕು, ಒಂದೊಂದಕ್ಕೂ ಆರ್‌ಎನ್‌ಎಯ 3 ಅಕ್ಷರ, ಒಟ್ಟು ಹತ್ತಿರಹತ್ತಿರ 6,400. ಅಂದ್ರೆ ಕಡ್ಡಿ ಎಷ್ಟುದ್ದ ಬೆಳೀಬೇಕು ಅಂತ ತೀರ್ಮಾನಿಸೋದು ಆರ್‌ಎನ್‌ಎ. ಅದು ಚಿಕ್ಕದಾದರೆ ಕಡ್ಡಿಯೂ ಗಿಡ್ಡ. 1994ರಲ್ಲಿ ಸಂಶೋಧಕರು ಈ ಪ್ರೋಟೀನನ್ನೂ, ಜೋಡಣೆ ಶುರುವಾಗುವ ಗುರುತು ಹೊತ್ತ ಆರ್‌ಎನ್‌ಎಯನ್ನೂ ಇ. ಕೋಲೈ ಬ್ಯಾಕ್ಟೀರಿಯಾದೊಳಗೇ ತಯಾರಿಸಿದರು. ಹೊಗೆಸೊಪ್ಪಿನ ಗಿಡವೇ ಇಲ್ಲದೆ ಕಡ್ಡಿಗಳು ಅಲ್ಲೇ ಕಟ್ಟಿಕೊಂಡವು. ಇವತ್ತು ಜೀವಕೋಶದೊಳಗೆ ಆಪ್ಟಮರ್ ಮಾಡಿಸೋಕೆ ಹೊರಟವರಿದ್ದಾರೆ. ಆಪ್ಟಮರ್ ಅಂದ್ರೆ ತಾನಾಗಿ ಮಡಚಿಕೊಂಡು ಒಂದು ನಿರ್ದಿಷ್ಟ ಅಣುವನ್ನೇ ಹಿಡಿಯುವ ಪುಟ್ಟ ಆರ್‌ಎನ್‌ಎ. ಅವರಿಗೆ ದೊಡ್ಡ ತಲೆನೋವು ಕೋಶದ ಕಿಣ್ವಗಳು. ಬರಿಮೈಯ ಆರ್‌ಎನ್‌ಎ ಸಿಕ್ಕರೆ ಚೂರುಚೂರು ಮಾಡಿಬಿಡ್ತವೆ. ಗೋಡೆಯೊಳಗೆ ಹುದುಗಿದ್ದು ಸುಲಭಕ್ಕೆ ಅವುಗಳ ಕೈಗೆ ಸಿಗಲ್ಲ.

ಅದೇ 1956ರಲ್ಲಿ ಫ್ರಾಂಕ್ಲಿನ್‌ಗೆ ಅಂಡಾಶಯದ ಕ್ಯಾನ್ಸರ್ ಅಂತ ತಿಳಿಯಿತು. ಆಪರೇಷನ್ ಆಯ್ತು, ಮತ್ತೆ ಲ್ಯಾಬಿಗೆ ಬಂದರು. ಆರನ್ ಕ್ಲಗ್, ಜಾನ್ ಫಿಂಚ್, ಕೆನ್ ಹೋಮ್ಸ್ ಇದ್ದ ಪುಟ್ಟ ತಂಡಕ್ಕೆ ಹಣದ ಚಿಂತೆಯೂ ಇತ್ತು. ಕಾಯಿಲೆಯ ನಡುವೆಯೇ ಅಮೆರಿಕ ಸರ್ಕಾರಕ್ಕೆ ಅರ್ಜಿ ಹಾಕಿ, 1957ರಲ್ಲಿ ಅನುದಾನ ತಂದರು. ಪೋಲಿಯೋ ವೈರಸ್ಸಿನ ಕೆಲಸ ಶುರುಮಾಡಿದರು. ಬ್ರಸೆಲ್ಸ್ ವಿಶ್ವಮೇಳಕ್ಕೆ ಟಿಎಂವಿಯ ದೊಡ್ಡ ಮಾದರಿ ಬೇಕಿತ್ತು. ಅದಕ್ಕೆ ಬಳಸಿದ ಸಾಮಾನಿನಲ್ಲಿ ಟೇಬಲ್ ಟೆನಿಸ್ ಚೆಂಡು, ಸೈಕಲ್ ಹ್ಯಾಂಡಲ್ಲಿನ ಪ್ಲಾಸ್ಟಿಕ್ ಹಿಡಿ ಎಲ್ಲ ಇದ್ದವು. ನಮ್ಮ ಪ್ರಾಜೆಕ್ಟ್ ಎಕ್ಸಿಬಿಷನ್ ನೆನಪಾಗಲ್ವಾ?

1958ರ ಏಪ್ರಿಲ್ 16ರಂದು, 37ನೇ ವಯಸ್ಸಿನಲ್ಲಿ, ತೀರಿಕೊಂಡರು. ಮೇಳ ತೆರೆದದ್ದು ಮರುದಿನ. ಉಯಿಲಿನಲ್ಲಿ ಕ್ಲಗ್‌ಗೆ 3,000 ಪೌಂಡ್ ಮತ್ತು ತಮ್ಮ ಆಸ್ಟಿನ್ ಕಾರು ಬರೆದಿಟ್ಟಿದ್ದರು. ಪೋಲಿಯೋ ಕೆಲಸವನ್ನ ಫಿಂಚ್ ಮತ್ತು ಕ್ಲಗ್ ಮುಗಿಸಿದರು. 1959ರಲ್ಲಿ ಬಂದ ಆ ಲೇಖನವನ್ನು ಫ್ರಾಂಕ್ಲಿನ್ ನೆನಪಿಗೆ ಅರ್ಪಿಸಿದ್ದಾರೆ.