ಮನೆಯಲ್ಲಿ ಚಿಮ್ಮ, ದಂಡಿನಲ್ಲಿ ಕಿಪ್ಪರ್

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಅಜ್ಜನ ಮನೆ ಇರುವ, ವಿದೇಶದಲ್ಲಿ ಬೆಳೆಯುವ ಮಕ್ಕಳ ಕಿವಿಗೆ, ರಜೆಯಲ್ಲಿ ಊರಿಗೆ ಹೋದಾಗ, ‘ಮಿಲ್ಟ್ರಿಯವರು’ ಎಂಬ ಮಾತು ಬಿದ್ದಿರಬಹುದು. ಸೈನ್ಯದಲ್ಲಿ ದುಡಿದು, ಪೆನ್ಷನ್ ತೆಗೆದುಕೊಂಡು ಊರಿಗೆ ಮರಳಿದವರನ್ನು ನಮ್ಮ ಹಳ್ಳಿಗಳಲ್ಲಿ ಹಾಗೆ ಕರೆಯುವುದುಂಟು. ಅಡಿಕೆ ತೋಟ, ಗದ್ದೆ, ಕಾಫಿ ಗಿಡಗಳ ನಡುವೆ ಅವರೂ ಎಲ್ಲರ ಹಾಗೇ ಇರುತ್ತಾರೆ. ಬೆಳಿಗ್ಗೆ ಮಾತ್ರ ಎಲ್ಲರಿಗಿಂತ ಮೊದಲು ಎದ್ದು, ಗಡ್ಡ ಬೋಳಿಸಿಕೊಂಡು ತಯಾರಾಗಿರುತ್ತಾರೆ.

ಇಂಥ ಮಿಲ್ಟ್ರಿಯವರೆಲ್ಲ ‘ನಮ್ಮವರು’ ಎಂದು ಹೇಳಿಕೊಳ್ಳುವ ಹಿರಿಯರೊಬ್ಬರು ಕೊಡಗಿನಲ್ಲಿದ್ದರು. ಬಾಳೆಹೊನ್ನೂರು, ಮೂಡಿಗೆರೆ, ಸಕಲೇಶಪುರ ದಾಟಿ ತೆಂಕಕ್ಕೆ ಹೋದರೆ ಶನಿವಾರಸಂತೆ ಸಿಗುತ್ತದೆ. ಕೊಡಂದೇರ ಮಾದಪ್ಪ ಕಾರ್ಯಪ್ಪ ಅಲ್ಲಿ 1899ರ ಜನವರಿ 28ರಂದು ಹುಟ್ಟಿದರು. ತಂದೆ ಕಂದಾಯ ಇಲಾಖೆಯ ನೌಕರ. ಮನೆಮಂದಿಗೆ ಹುಡುಗ ‘ಚಿಮ್ಮ’. ಮಡಿಕೇರಿಯಲ್ಲಿ ಹೈಸ್ಕೂಲು, ಮದರಾಸಿನಲ್ಲಿ ಕಾಲೇಜು.

ವಿದೇಶದ ಶಾಲೆಯಲ್ಲಿ ಟೀಚರ್ ಹಾಜರಿ ಕರೆಯುವಾಗ ನಿಮ್ಮ ಹೆಸರು ಅವರ ನಾಲಿಗೆಗೆ ಸಿಕ್ಕದೆ ಒದ್ದಾಡುವುದುಂಟಲ್ಲ, ಕಾರ್ಯಪ್ಪನವರಿಗೂ ಅದೇ ಪಾಡು. ಫತೇಗಢದಲ್ಲಿದ್ದಾಗ ಬ್ರಿಟಿಷ್ ಅಧಿಕಾರಿಯೊಬ್ಬರ ಪತ್ನಿಗೆ ಆ ಹೆಸರು ಹೇಳಲು ಬರಲಿಲ್ಲ. ಆಕೆ ಸುಲಭಕ್ಕೆ ‘ಕಿಪ್ಪರ್’ ಎಂದು ಕರೆದರು. ಆ ಹೆಸರು ಕೊನೆತನಕ ಅಂಟಿಕೊಂಡಿತು.

1919ರಲ್ಲಿ ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಮುಗಿಸಿ ಸೇನಾಧಿಕಾರಿಗಳಾದ ಕೆಲವೇ ಭಾರತೀಯ ತರುಣರಲ್ಲಿ ಕಾರ್ಯಪ್ಪ ಒಬ್ಬರು. ಆಗ ಮೇಲಿನ ಹುದ್ದೆಗಳೆಲ್ಲ ಬ್ರಿಟಿಷರ ಕೈಯಲ್ಲಿದ್ದವು. ಕಾರ್ಯಪ್ಪ ಮೇಲೇರಿದಂತೆಲ್ಲ ಅವರ ಹೆಸರಿನ ಹಿಂದೆ ‘ಮೊದಲ ಭಾರತೀಯ’ ಎಂಬ ಮಾತು ಸೇರುತ್ತ ಹೋಯಿತು. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಹೋದ ಮೊದಲ ಭಾರತೀಯ ಅಧಿಕಾರಿ. 1942ರಲ್ಲಿ ಬೆಟಾಲಿಯನ್ ಒಂದರ ಮುಖ್ಯಸ್ಥರಾದ ಮೊದಲ ಭಾರತೀಯ. 1949ರ ಜನವರಿ 15ರಂದು ಜನರಲ್ ರಾಯ್ ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡು ಇಡೀ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ. ಭಾರತದಲ್ಲಿ ಪ್ರತಿ ವರ್ಷ ಜನವರಿ 15ನ್ನು ಸೇನಾ ದಿನವೆಂದು ಆಚರಿಸುವುದು ಇದೇ ಕಾರಣಕ್ಕೆ.

ಇಷ್ಟು ದೊಡ್ಡವರಿಗೂ ಹಿಂದಿ ಮಾತ್ರ ಸರಿಯಾಗಿ ಒಗ್ಗಲಿಲ್ಲ. ಸ್ವಾತಂತ್ರ್ಯದ ಹೊಸತರಲ್ಲಿ ಜವಾನರ ಮುಂದೆ ಭಾಷಣ ಮಾಡುತ್ತ, ದೇಶ ಸ್ವತಂತ್ರವಾಗಿದೆ ಎನ್ನುವ ಬದಲು ‘ಮುಫ್ತ್’ ಆಗಿದೆ ಎಂದುಬಿಟ್ಟರಂತೆ. ಮುಫ್ತ್ ಎಂದರೆ ಪುಕ್ಕಟೆ! ಸೈನ್ಯದವರು ಈ ಕತೆಯನ್ನು ಇಂದಿಗೂ ಪ್ರೀತಿಯಿಂದ ಹೇಳಿ ನಗುತ್ತಾರೆ.

ಕಾರ್ಯಪ್ಪನವರಿಗೆ ಇಬ್ಬರು ಮಕ್ಕಳು. ನಂದಾ ಎಂದು ಕರೆಸಿಕೊಳ್ಳುವ ಮಗ ಕೆ.ಸಿ. ಕಾರ್ಯಪ್ಪ, ಮಗಳು ನಳಿನಿ. 1948ರಲ್ಲಿ ತಾಯಿ ಅಪಘಾತದಲ್ಲಿ ತೀರಿಕೊಂಡಾಗ ನಂದಾಗೆ 10 ವರ್ಷ, ನಳಿನಿಗೆ 5. ಸೇನೆಯ ಹೊಣೆ, ಮನೆಯ ಹೊಣೆ ಎರಡೂ ತಂದೆಯ ಹೆಗಲಿಗೆ ಬಂದವು. ಮಕ್ಕಳೆಂದರೆ ಪ್ರಾಣ, ಹಾಗೆಂದು ಶಿಸ್ತಿನಲ್ಲಿ ಕೂದಲೆಳೆಯಷ್ಟೂ ರಿಯಾಯಿತಿ ಇಲ್ಲ. ದಿಲ್ಲಿಯಲ್ಲಿ ಒಂದು ದಿನ ಶಾಲೆಯ ಗಾಡಿ ಬರಲಿಲ್ಲವೆಂದು ತಂದೆಯ ಸಹಾಯಕ ಅಧಿಕಾರಿ ನಂದಾನನ್ನು ಸರ್ಕಾರಿ ಕಾರಿನಲ್ಲಿ ಕಳಿಸಿದರು. ಕಾರ್ಯಪ್ಪ ಕೆಂಡವಾದರು. ಆ ಓಡಾಟದ ಖರ್ಚನ್ನು ತಮ್ಮ ಸ್ವಂತ ಲೆಕ್ಕಕ್ಕೆ ಹಾಕಿಸಿದರು. ಈ ಪ್ರಸಂಗವನ್ನು ಮುಂದೆ ನೆನಪಿಸಿಕೊಂಡವರು ಸ್ವತಃ ನಂದಾ.

1953ರಲ್ಲಿ ನಿವೃತ್ತರಾದ ಮೇಲೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿಗೆ ಭಾರತದ ಹೈಕಮಿಷನರ್ ಆಗಿ 1956ರವರೆಗೆ ಕೆಲಸ ಮಾಡಿದರು. ಆಮೇಲೆ ಮಡಿಕೇರಿಯ ‘ರೋಶನಾರಾ’ ಎಂಬ ತಮ್ಮ ಮನೆಗೆ ಮರಳಿದರು. ಮಗ ವಾಯುಪಡೆ ಸೇರಿದ.

1965ರ ಭಾರತ-ಪಾಕಿಸ್ತಾನ ಯುದ್ಧದ ಕೊನೆಯ ದಿನಗಳು. ಸೆಪ್ಟೆಂಬರ್ 22ರಂದು ನಂದಾ ಹಾರಿಸುತ್ತಿದ್ದ ಹಂಟರ್ ವಿಮಾನಕ್ಕೆ ಗುಂಡು ತಗುಲಿತು. ಹೊರಕ್ಕೆ ಜಿಗಿದು ಪ್ರಾಣ ಉಳಿಸಿಕೊಂಡರೂ ಪಾಕಿಸ್ತಾನದ ಸೈನಿಕರ ಕೈಗೆ ಸಿಕ್ಕಿಬಿದ್ದರು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದವರು ಅಯೂಬ್ ಖಾನ್. ದೇಶ ಇಬ್ಭಾಗವಾಗುವ ಮೊದಲು ಅದೇ ಅಯೂಬ್ ಖಾನ್ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದರು. ಹಳೆಯ ಅಧಿಕಾರಿಯ ಮಗ ಸೆರೆಯಲ್ಲಿದ್ದಾನೆಂದು ತಿಳಿದು, ಅವನು ಕ್ಷೇಮವಾಗಿದ್ದಾನೆ, ಬೇಕಾದರೆ ಬಿಟ್ಟು ಕಳಿಸುತ್ತೇವೆ ಎಂದು ಹೇಳಿ ಕಳಿಸಿದರು.

ಅಪ್ಪನಾದವನ ಕರುಳು ಏನು ಹೇಳಿರಬೇಡ? ಆದರೆ ಕಾರ್ಯಪ್ಪ ಒಪ್ಪಲಿಲ್ಲ. ಸೆರೆಯಲ್ಲಿರುವ ಜವಾನರೆಲ್ಲರೂ ನನ್ನ ಮಕ್ಕಳೇ, ನನ್ನ ಮಗನಿಗೆ ಮಾತ್ರ ಬೇರೆ ಉಪಚಾರ ಬೇಡ, ಬಿಡುವುದಾದರೆ ಎಲ್ಲರನ್ನೂ ಬಿಡಿ ಎಂಬುದು ಅವರ ಉತ್ತರವಾಗಿತ್ತು. ಅಯೂಬ್ ಖಾನರ ಪತ್ನಿಯೇ ನಂದಾರನ್ನು ನೋಡಲು ಹೋಗಿ ಪಿ.ಜಿ. ವುಡ್‌ಹೌಸರ ಒಂದು ಕಾದಂಬರಿ ಕೊಟ್ಟುಬಂದರು. ನಂದಾ ಮನೆಗೆ ಬಂದದ್ದು ನಾಲ್ಕು ತಿಂಗಳ ನಂತರ, 1966ರ ಜನವರಿಯಲ್ಲಿ, ಉಳಿದ ಕೈದಿಗಳ ಜೊತೆಯಲ್ಲೇ. ಮುಂದೆ ಅವರು ಏರ್ ಮಾರ್ಷಲ್ ಹುದ್ದೆಗೇರಿದರು, ತಂದೆಯ ಜೀವನಚರಿತ್ರೆಯನ್ನೂ ಬರೆದರು.

‘ಎಲ್ಲರೂ ನನ್ನ ಮಕ್ಕಳೇ’ ಎಂದದ್ದು ಆ ಹೊತ್ತಿನ ಆವೇಶದಲ್ಲಿ ಬಂದ ಮಾತಲ್ಲ. ಅದಕ್ಕೂ ಒಂದು ವರ್ಷ ಮೊದಲೇ, 1964ರಲ್ಲಿ, ನಿವೃತ್ತ ಸೈನಿಕರಿಗೆಂದು ಅವರು ಭಾರತೀಯ ಮಾಜಿ ಸೈನಿಕರ ಲೀಗ್ ಕಟ್ಟಿದ್ದರು. ಸಮವಸ್ತ್ರ ಕಳಚಿ ಊರಿಗೆ ಬಂದವನಿಗೆ ಪೆನ್ಷನ್ ಕಾಗದ, ಮಕ್ಕಳ ಓದು, ಕಾಯಿಲೆ ಕಸಾಲೆ ಎಂದು ನೂರು ತಾಪತ್ರಯ. ಮೂಲೆಯ ಹಳ್ಳಿಯ ಒಬ್ಬ ಹವಾಲ್ದಾರನ ಪರವಾಗಿ ದಿಲ್ಲಿಯಲ್ಲಿ ಮಾತಾಡುವವರೂ ಬೇಕಲ್ಲ!

1986ರಲ್ಲಿ ಸರ್ಕಾರ ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟಿತು. ಭಾರತದಲ್ಲಿ ಈ ಗೌರವ ಪಡೆದವರು ಇಬ್ಬರೇ; ಇನ್ನೊಬ್ಬರು ಸ್ಯಾಮ್ ಮಾಣೆಕ್ ಷಾ. ಕಾರ್ಯಪ್ಪನವರಿಗೆ ಆಗ 87 ವರ್ಷ, ಕಾಲಿನ ಕಿರುಬೆರಳು ವಿಪರೀತ ನೋಯುತ್ತಿತ್ತು. ರಾಷ್ಟ್ರಪತಿ ಭವನಕ್ಕೆ ಚಪ್ಪಲಿ ಹಾಕಿಕೊಂಡು ಹೋಗಿ ಎಂದು ಮನೆಯವರು ಹೇಳಿದರೂ ಕೇಳಲಿಲ್ಲ. ಸಮವಸ್ತ್ರಕ್ಕೆ ತಕ್ಕ ಬೂಟನ್ನೇ ಹಾಕಿ ನಡೆದರು. 1993ರ ಮೇ 15ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಮಕ್ಕಳೇ, ಈ ಸಲ ಕೊಪ್ಪಕ್ಕೋ ಶೃಂಗೇರಿಗೋ ನರಸಿಂಹರಾಜಪುರಕ್ಕೋ ಹೋದಾಗ ಅಲ್ಲಿ ಮಿಲ್ಟ್ರಿ ಅಜ್ಜ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿ. ಅವರ ಮನೆಯ ಜಗಲಿಯಲ್ಲಿ ಕೂತು, “ಅಜ್ಜ, ನಿಮ್ಮದು ಯಾವ ರೆಜಿಮೆಂಟು?” ಎಂದು ಕೇಳಿ. ಒಂದು ಲೋಟ ಕಾಫಿ ಕುಡಿಯುವುದರೊಳಗೆ ಮುಗಿಯುವ ಮಾತಲ್ಲ, ಸಮಯ ಇಟ್ಟುಕೊಂಡೇ ಹೋಗಿ. ಅವರು ಹೇಳಿದ್ದನ್ನು ನಿಮಗೆ ಬಂದ ಕನ್ನಡದಲ್ಲಿ ಬರೆದು ನಮ್ಮ ಕನ್ನಡ ಕೂಟದ ಪತ್ರಿಕೆಯ ಮುಂದಿನ ಸಂಚಿಕೆಗೆ ಕಳಿಸಿ.