ಸಪ್ತರತ್ನದ ಕುಶಲಕರ್ಮಿ ನಾಮಿಕಾವಾ ಯಾಸುಯುಕಿ

ಜಾತ್ರೆಗೆ ಹೋದವರು ಬರಿಗೈಯಲ್ಲಿ ಮನೆಗೆ ಮರಳುವುದಿಲ್ಲ. ಬಳೆಯೋ ಬತ್ತಾಸೋ ಬಣ್ಣದ ಬುಗುರಿಯೋ ಕೈಯಲ್ಲಿ ಇರಲೇಬೇಕು. ಪರದೇಶಕ್ಕೆ ಹೋದವರ ಸ್ವಭಾವವೂ ಇದೇ. ಆದರೆ ಇಂತಹ ನೆನಪಿನ ವಸ್ತುಗಳನ್ನು ಮಾಡಿ ಮಾರುವವರ ಲೆಕ್ಕಾಚಾರ ಬೇರೆ. ಕೊಳ್ಳುವವನು ನಾಳೆ ಹಡಗು ಹತ್ತಿ ಹೋಗುವವನು, ಮರಳಿ ಬಂದು ಜಗಳವಾಡುವವನಲ್ಲ. ಹೊಳೆಯುವಂಥದನ್ನು ಏನಾದರೂ ಕೊಟ್ಟರೆ ಸಾಕು ಎಂದು ಅವರಲ್ಲಿ ಹಲವರು ತಿಳಿಯುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಪಾನಿನಲ್ಲಿ ಹೀಗೆ ಮಾಡಿ ಹಣ ಗಳಿಸಿದವರು ಬಹಳ ಮಂದಿ ಇದ್ದರು. ಅವರ ನಡುವೆಯೇ ಬಾಳಿ, ಪರದೇಶೀಯರಿಗಾಗಿಯೇ ದುಡಿದು, ಬೇರೊಂದು ದಾರಿಯನ್ನು ಹಿಡಿದವನು ನಾಮಿಕಾವಾ ಯಾಸುಯುಕಿ.

ಯಾಸುಯುಕಿ 1845ರಲ್ಲಿ ಕ್ಯೋಟೋ ನಗರದಲ್ಲಿ ಒಂದು ಸಮುರಾಯ್ ಮನೆತನದಲ್ಲಿ ಜನಿಸಿದನು. ಕ್ಯೋಟೋ ಎಂದರೆ ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಜಪಾನಿನ ಚಕ್ರವರ್ತಿಗಳು ವಾಸವಾಗಿದ್ದ ಊರು. ಹತ್ತು ವರ್ಷದ ಬಾಲಕನಾಗಿದ್ದಾಗ ಅವನನ್ನು ನಾಮಿಕಾವಾ ಎಂಬ ಮನೆತನಕ್ಕೆ ದತ್ತು ಕೊಟ್ಟರು. ಆ ಮನೆಯವರು ರಾಜವಂಶಕ್ಕೆ ಸೇರಿದ ಅಸಾಹಿಕೊ ಎಂಬ ರಾಜಕುಮಾರನ ಸೇವಕರು. ದತ್ತುಮಗನಿಗೂ ಅದೇ ಚಾಕರಿ ದೊರೆಯಿತು. ರಾಜಕುಮಾರನ ಮನೆಯಲ್ಲಿ ಓಲಗಿಸುವುದು, ಸಂಬಳವನ್ನು ಪಡೆಯುವುದು, ಮುಂದೆ ತನ್ನ ಮಗನಿಗೆ ಆ ಕೆಲಸವನ್ನು ಬಿಟ್ಟುಕೊಡುವುದು. ಬದುಕು ಇಷ್ಟೇ ಎಂದು ಅವನು ತಿಳಿದಿದ್ದರೆ ತಪ್ಪೇನಿಲ್ಲ. ಅವನ ಹಿರಿಯರೆಲ್ಲ ಹಾಗೆಯೇ ಬಾಳಿದ್ದರು.

1868ರಲ್ಲಿ ಎಲ್ಲವೂ ತಲೆಕೆಳಗಾಯಿತು. ಶೋಗುನರ ಆಳಿಕೆ ಮುಗಿದು ಮೇಜಿ ಚಕ್ರವರ್ತಿಯ ಹೆಸರಿನಲ್ಲಿ ಹೊಸ ಸರಕಾರ ಬಂದಿತು. ಅದೇ ವರ್ಷ ರಾಜಕುಮಾರ ಅಸಾಹಿಕೊ ಹೊಸ ಸರಕಾರದ ಸಂಶಯಕ್ಕೆ ಗುರಿಯಾಗಿ ಹಿರೋಷಿಮಾಕ್ಕೆ ಗಡೀಪಾರಾದನು. ಮರುವರ್ಷ ಚಕ್ರವರ್ತಿಯೇ ಕ್ಯೋಟೋ ಬಿಟ್ಟು ಟೋಕಿಯೋಗೆ ಹೋದನು. ಅರಮನೆಯನ್ನು ನೆಚ್ಚಿಕೊಂಡಿದ್ದ ನೇಯ್ಗೆಯವರು, ಕುಂಬಾರರು, ಲೋಹದ ಕೆಲಸದವರು ಎಲ್ಲರೂ ಕಂಗಾಲಾದರು. ಸಮುರಾಯರ ವಂಶಪಾರಂಪರ್ಯದ ಸಂಬಳ ಕಡಿಮೆಯಾಗುತ್ತ ಬಂದು 1876ರಲ್ಲಿ ಪೂರ್ತಿಯಾಗಿ ನಿಂತುಹೋಯಿತು. ಸೊಂಟದಲ್ಲಿ ಕತ್ತಿ ಸಿಕ್ಕಿಸಿಕೊಳ್ಳುವ ಹಕ್ಕೂ ಅದೇ ವರ್ಷ ಹೋಯಿತು. ಕತ್ತಿ ಹೋದರೆ ಹೋಗಲಿ, ಮನೆಯವರ ಹೊಟ್ಟೆ ತುಂಬಬೇಕಲ್ಲ! ಯಾಸುಯುಕಿಗೆ ತಿಳಿದಿದ್ದ ಕಸುಬು ಒಂದೂ ಇರಲಿಲ್ಲ.

ಇಪ್ಪತ್ತೆಂಟರ ವಯಸ್ಸಿನಲ್ಲಿ, 1873ರ ಸುಮಾರಿಗೆ, ಅವನು ಒಬ್ಬ ಜೊತೆಗಾರನೊಡನೆ ಷಿಪ್ಪೋ ಎಂಬ ಕೆಲಸಕ್ಕೆ ಕೈಹಾಕಿದನು. ಲೋಹದ ಪಾತ್ರೆಯ ಮೇಲೆ ಗಾಜಿನ ಬಣ್ಣವನ್ನು ಕರಗಿಸಿ ಕೂರಿಸುವ ಕಲೆಗೆ ಆ ಹೆಸರು. ನಮ್ಮ ದೇಶದ ಜಯಪುರದ ಮೀನಾಕಾರಿ ಒಡವೆಗಳನ್ನು ನೋಡಿದವರಿಗೆ ಇದರ ಅಂದಾಜು ಸಿಕ್ಕೀತು. ಷಿಪ್ಪೋ ಎಂದರೆ ಏಳು ರತ್ನಗಳು. ಬೌದ್ಧ ಗ್ರಂಥಗಳಲ್ಲಿ ಬರುವ ನಮ್ಮ ಸಪ್ತರತ್ನಗಳೇ ಚೀನಾದ ಮೂಲಕ ಜಪಾನಿಗೆ ಹೋಗಿ ಈ ಹೆಸರಾಗಿವೆ. ಚಿನ್ನ, ಬೆಳ್ಳಿ ಮೊದಲಾದ ಆ ಏಳರ ಕಾಂತಿಯೆಲ್ಲ ಇದರಲ್ಲಿದೆ ಎಂಬ ಭಾವ.

ಕಲೆ ಹಳೆಯದಾದರೂ ಪಾತ್ರೆಗಳನ್ನು ಮಾಡುವ ವಿಧಾನ ಜಪಾನಿನಲ್ಲಿ ಮರೆತೇ ಹೋಗಿತ್ತು. ಅದನ್ನು ಮತ್ತೆ ಕಂಡುಹಿಡಿದವನು ಓವಾರಿ ಪ್ರಾಂತದ ಕಾಜಿ ತ್ಸುನೆಕಿಚಿ. ಅವನು ಪರದೇಶದಿಂದ ಬಂದ ಒಂದು ತಟ್ಟೆಯನ್ನು ಕೊಂಡು, ಒಳಗೆ ಏನಿದೆಯೆಂದು ನೋಡಲು ಅದನ್ನು ಒಡೆದೇ ಬಿಟ್ಟನಂತೆ. ತಟ್ಟೆ ಹೋಯಿತು, ವಿದ್ಯೆ ಬಂದಿತು. 1830ರ ದಶಕದಲ್ಲಿ ಹೀಗೆ ಓವಾರಿಯಲ್ಲಿ ಹುಟ್ಟಿದ ಕಸುಬು ನಲವತ್ತು ವರ್ಷಗಳ ತರುವಾಯ ಕ್ಯೋಟೋಗೆ ಹರಡಿತ್ತು.

ಯಾಸುಯುಕಿಯ ಮೊದಲ ಕೃತಿ ಮುಚ್ಚಳವಿರುವ ಒಂದು ತಿಂಡಿಪೆಟ್ಟಿಗೆ. ಅದರ ಮೇಲೆ ಹೊಓ ಎಂಬ ಪುರಾಣದ ಪಕ್ಷಿಯ ಚಿತ್ರ. 1875ರಲ್ಲಿ ಕ್ಯೋಟೋದ ವಸ್ತುಪ್ರದರ್ಶನದಲ್ಲಿಯೂ ಮರುವರ್ಷ ಅಮೆರಿಕದ ಫಿಲಡೆಲ್ಫಿಯಾ ಪ್ರದರ್ಶನದಲ್ಲಿಯೂ ಅವನ ಕೆಲಸಕ್ಕೆ ಕಂಚಿನ ಪದಕಗಳು ಬಂದವು. ಯೊಕೋಹಾಮಾ ಬಂದರಿನ ಪರದೇಶೀ ವ್ಯಾಪಾರ ಸಂಸ್ಥೆಯೊಂದು ಅವನೊಡನೆ ಕರಾರು ಮಾಡಿಕೊಂಡಿತು. ಇನ್ನು ಸುಖವೇ ಸುಖ ಎನ್ನಬೇಕು, ಹಾಗಾಗಲಿಲ್ಲ. ಮಾಲಿನ ಗುಣ ಸಾಲದೆಂದು ಸಂಸ್ಥೆಯವರೇ ಸ್ವಲ್ಪ ಕಾಲದಲ್ಲಿ ಕರಾರನ್ನು ಮುರಿದರು. ಸಾಲುಸಾಲಾಗಿ ಮಾಡಿ ಕಳುಹಿಸಿದ ಪಾತ್ರೆಗಳಲ್ಲಿ ಬಣ್ಣ ಮಂಕು, ಚಿತ್ರವೂ ಹಳೆಯ ಚೀನೀ ಪಾತ್ರೆಗಳ ನಕಲಿನಂತೆ.

ಇಲ್ಲಿ ಆತನ ಮುಂದೆ ಎರಡು ದಾರಿಗಳಿದ್ದವು. ಇನ್ನೂ ಅಗ್ಗವಾಗಿ ಇನ್ನೂ ಹೆಚ್ಚಾಗಿ ಮಾಡಿ, ಕಡಿಮೆ ಬೆಲೆ ಕೇಳುವ ಬೇರೆ ವ್ಯಾಪಾರಿಗಳಿಗೆ ಕೊಡಬಹುದಾಗಿತ್ತು. ಹಾಗೆ ಮಾಡಿದವರು ಯಾರೂ ಉಪವಾಸ ಬೀಳಲಿಲ್ಲ. ಯಾಸುಯುಕಿ ಕಡಿಮೆ ಮಾಡುವ, ಚೆನ್ನಾಗಿ ಮಾಡುವ ದಾರಿಯನ್ನು ಹಿಡಿದನು. ಆ ವರ್ಷಗಳಲ್ಲಿ ವಾಗೆನೆರ್ ಎಂಬ ಜರ್ಮನ್ ರಸಾಯನ ಶಾಸ್ತ್ರಜ್ಞನು ಕ್ಯೋಟೋದಲ್ಲಿದ್ದು ಅಲ್ಲಿನ ಕುಶಲಕರ್ಮಿಗಳಿಗೆ ಪಾಶ್ಚಾತ್ಯ ಬಣ್ಣಗಳ ವಿದ್ಯೆಯನ್ನು ತಿಳಿಸುತ್ತಿದ್ದನು. ಯಾಸುಯುಕಿಯೂ ಬಣ್ಣಗಳ ಮೇಲೆ ಪ್ರಯೋಗಕ್ಕೆ ತೊಡಗಿದನು. ಕನ್ನಡಿಯಂತೆ ಹೊಳೆಯುವ, ಕೊಳದ ಆಳದಂತೆ ಕಾಣುವ ಕಪ್ಪು ಬಣ್ಣ ಅವನ ಕೈಗೆ ಬಂದಿತು. ಅವನ ಹೆಸರು ನಿಂತದ್ದು ಮುಖ್ಯವಾಗಿ ಈ ಕಪ್ಪಿನಿಂದಲೇ.

ಆ ಕೆಲಸದ ರೀತಿಯನ್ನು ಇಲ್ಲಿ ಸ್ವಲ್ಪ ವಿವರಿಸದೆ ಮುಂದೆ ಹೋಗುವಂತಿಲ್ಲ. ಮೊದಲು ತಾಮ್ರದ ತೆಳುವಾದ ಹೂದಾನಿ. ಅದರ ಮೇಲೆ ಶಾಯಿಯಿಂದ ಚಿತ್ರ. ಚಿತ್ರದ ಪ್ರತಿಯೊಂದು ಗೆರೆಗೂ ಚಿನ್ನದ ಅಥವಾ ಬೆಳ್ಳಿಯ ಚಪ್ಪಟೆ ತಂತಿಯನ್ನು ಚಿಮಟದಿಂದ ಬಾಗಿಸಿ, ಅಂಚಿನ ಮೇಲೆ ನಿಲ್ಲಿಸಿ, ಗಿಡದ ಬೇರಿನ ಅಂಟಿನಿಂದ ಹಚ್ಚಬೇಕು, ಅನಂತರ ಬೆಸೆಯಬೇಕು. ಗುಬ್ಬಚ್ಚಿಯ ಒಂದು ರೆಕ್ಕೆಗೇ ಎಷ್ಟು ತುಂಡುಗಳು ಬೇಕೋ! ಬಳಿಕ ತಂತಿಗಳ ನಡುವಣ ಒಂದೊಂದು ಗುಳಿಗೂ ಗಾಜಿನ ಬಣ್ಣದ ಹುಡಿಯನ್ನು ನೀರಿನಲ್ಲಿ ಕಲಸಿ ತುಂಬಿ ಕುಲುಮೆಯಲ್ಲಿಡಬೇಕು. ಬೆಂಕಿಯಲ್ಲಿ ಹುಡಿ ಕರಗಿ ಕುಗ್ಗುತ್ತದೆ. ಮತ್ತೆ ತುಂಬಬೇಕು, ಮತ್ತೆ ಸುಡಬೇಕು. ಒಮ್ಮೆ ಬೆಂಕಿ ತಪ್ಪಿದರೆ ತಿಂಗಳುಗಟ್ಟಲೆಯ ದುಡಿಮೆ ಬಿರುಕು ಬಿಟ್ಟಂತೆಯೇ. ಸುಟ್ಟು ಮುಗಿದ ಮೇಲೆ ಕಲ್ಲಿನಿಂದಲೂ ಇದ್ದಿಲಿನಿಂದಲೂ ನೀರು ಹಾಕಿ ತಿಕ್ಕಿ ಮೆರುಗು ಕೊಡಬೇಕು. ಕಪ್ಪು ಬಣ್ಣದಲ್ಲಿ ಸೂಜಿಮೊನೆಯಷ್ಟು ತೂತು ಇದ್ದರೂ ಕಣ್ಣಿಗೆ ಹೊಡೆಯುತ್ತದೆ. ಹೀಗಾಗಿ ಆ ಕಪ್ಪನ್ನು ಆರಿಸಿಕೊಂಡವನು ತನ್ನ ತಪ್ಪುಗಳನ್ನು ಅಡಗಿಸಲು ಜಾಗವಿಲ್ಲದಂತೆ ತಾನೇ ಮಾಡಿಕೊಂಡನು ಎನ್ನಬೇಕು.

ಚಿತ್ರಗಳನ್ನು ಬಿಡಿಸಲು ನಾಕಾಹಾರಾ ತೆಸ್ಸೆನ್ ಎಂಬ ಕಲಾವಿದನು ಯಾಸುಯುಕಿಗೆ ದೊರಕಿದನು. ಹೂದಾನಿಯ ಮೈತುಂಬ ಅಲಂಕಾರ ತುರುಕುವ ಹಳೆಯ ರೀತಿಯನ್ನು ಬಿಟ್ಟು, ಖಾಲಿ ಕಪ್ಪಿನ ಮೇಲೆ ಒಂದು ಟೊಂಗೆ, ಎರಡು ಹಕ್ಕಿ ಎಂಬಷ್ಟಕ್ಕೆ ಬಂದರು. 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಯಾಸುಯುಕಿಗೆ ಚಿನ್ನದ ಪದಕ ಬಂದಿತು. 1896ರಲ್ಲಿ ಚಕ್ರವರ್ತಿಯ ಆಸ್ಥಾನ ಕಲಾವಿದನೆಂಬ ಗೌರವ ದೊರೆಯಿತು. ಸ್ವಾರಸ್ಯವೆಂದರೆ ಅದೇ ವರ್ಷ ಅದೇ ಕಲೆಗೆ ಅದೇ ಗೌರವವನ್ನು ಪಡೆದ ಇನ್ನೊಬ್ಬನ ಹೆಸರೂ ನಾಮಿಕಾವಾ. ಅವನು ಟೋಕಿಯೋದ ನಾಮಿಕಾವಾ ಸೊಸುಕೆ. ಇಬ್ಬರೂ ನೆಂಟರಲ್ಲ; ಹೆಸರು ಬರೆಯುವ ಅಕ್ಷರಗಳೂ ಬೇರೆ. ಸೊಸುಕೆ ತಂತಿಯನ್ನು ಮರೆಮಾಡಿ ಬಣ್ಣದ ಚಿತ್ರದಂತೆ ಕಾಣಿಸುವುದರಲ್ಲಿ ನಿಪುಣ, ಯಾಸುಯುಕಿ ತಂತಿಯನ್ನೇ ಕುಂಚದ ಗೆರೆಯಂತೆ ಓಡಿಸುವುದರಲ್ಲಿ. ಚಕ್ರವರ್ತಿಯ ಅಪ್ಪಣೆಯಂತೆ 1899ರಲ್ಲಿ ಮುಗಿಸಿದ, ನಾಲ್ಕು ಋತುಗಳ ಹೂವು ಹಕ್ಕಿಗಳ ದೊಡ್ಡ ಹೂದಾನಿ ಮರುವರ್ಷ ಪ್ಯಾರಿಸ್ಸಿಗೆ ಹೋಗಿ ಬಂದು ಜಪಾನಿನ ರಾಜಮನೆತನದ ಸಂಗ್ರಹದಲ್ಲಿ ಉಳಿದಿದೆ.

ಕ್ಯೋಟೋಗೆ ಬರುತ್ತಿದ್ದ ಪರದೇಶೀಯರು ಆತನ ಮನೆಯನ್ನು ಹುಡುಕಿಕೊಂಡು ಹೋಗುತ್ತಿದ್ದರು. ಹಿಂದೆ ಅವರಿಗೆ ಆ ನಗರಕ್ಕೆ ಪ್ರವೇಶವೇ ಇರಲಿಲ್ಲ. 1872ರ ಪ್ರದರ್ಶನಕ್ಕಾಗಿ ಮೊದಲ ಬಾರಿ ವಿಶೇಷ ಅನುಮತಿ ಕೊಟ್ಟಿದ್ದರು. 1894ರಲ್ಲಿ ಯಾಸುಯುಕಿ ಕಟ್ಟಿಸಿದ ಹೊಸ ಮನೆಯಲ್ಲಿ ಎತ್ತರದ ಪರದೇಶೀಯರ ತಲೆ ತಾಗದಿರಲೆಂದು ಬಾಗಿಲ ಮೇಲ್ಪಟ್ಟಿಗಳನ್ನು ಮಾಮೂಲಿಗಿಂತ ಮೇಲೆ, ಸುಮಾರು ಆರು ಅಡಿಗೆ, ಏರಿಸಿದ್ದನು. ನೆರೆಮನೆಯ ಓಗಾವಾ ಜಿಹೇ ತೋಟವನ್ನು ರಚಿಸಿದನು. ಈತ ಆಮೇಲೆ ಜಪಾನಿನ ಪ್ರಖ್ಯಾತ ಉದ್ಯಾನ ಶಿಲ್ಪಿಗಳಲ್ಲಿ ಒಬ್ಬನಾದನು. ಬೀವಾ ಸರೋವರದಿಂದ 1890ರಲ್ಲಿ ಬಂದಿದ್ದ ಕಾಲುವೆಯ ನೀರನ್ನು ಪಾತ್ರೆ ತಿಕ್ಕುವ ಕೆಲಸಕ್ಕೆಂದು ಮನೆಗೆ ತಂದು, ಅದರಿಂದಲೇ ಕೊಳವನ್ನೂ ತುಂಬಿಸಿದರು. ಕೊಳದಲ್ಲಿ ಮೀನುಗಳು.

ಆಮೇಲೆ ದಕ್ಷಿಣ ಧ್ರುವ ಖಂಡಕ್ಕೆ ಸ್ಕಾಟನ ತಂಡದೊಡನೆ ಹೋದ ಛಾಯಾಗ್ರಾಹಕ ಹರ್ಬರ್ಟ್ ಪಾಂಟಿಂಗ್ ಅಲ್ಲಿಗೆ ಬಂದು, ಕೆಲಸದ ಕೋಣೆಯ ಚಿತ್ರಗಳನ್ನು ತೆಗೆದು, 1910ರ ತನ್ನ ಪುಸ್ತಕದಲ್ಲಿ ಆತನ ವಿಷಯವನ್ನು ವಿಸ್ತಾರವಾಗಿ ಬರೆದಿದ್ದಾನೆ. ಅಲ್ಲಿ ಗಲಾಟೆಯಿಲ್ಲ, ಕರೆದು ಕೂಗಿ ಮಾರುವವರಿಲ್ಲ. ಹಿಡಿಯಷ್ಟು ಕೆಲಸಗಾರರು ತಲೆತಗ್ಗಿಸಿ ಕುಳಿತಿರುತ್ತಿದ್ದರು. ಬೇಡಿಕೆ ಎಷ್ಟೇ ಇದ್ದರೂ ಯಾಸುಯುಕಿ ಅದನ್ನು ದೊಡ್ಡ ಕಾರ್ಖಾನೆಯಾಗಲು ಬಿಡಲಿಲ್ಲ.

ಆದರೆ ಕೊಳ್ಳುವವರು ಹೆಚ್ಚಾಗಿ ಕಡಲಾಚೆಯವರೇ ಆಗಿದ್ದುದು ಈ ಕಲೆಯ ಬಲವೂ ಹೌದು, ರೋಗವೂ ಹೌದು. ಜಪಾನೀಯರ ಮನೆಗಳಲ್ಲಿ ಇದಕ್ಕೆ ಬಳಕೆ ಕಡಿಮೆ. ಅಗ್ಗದ ಮಾಲು ರಾಶಿರಾಶಿಯಾಗಿ ಹೋಗಿ ಷಿಪ್ಪೋ ಎಂಬ ಹೆಸರಿನ ಬೆಲೆಯೂ ಇಳಿದಿತ್ತು. 1914ರಲ್ಲಿ ಯುರೋಪಿನಲ್ಲಿ ಯುದ್ಧ ಹತ್ತಿಕೊಂಡಾಗ ಪ್ರವಾಸಿಗಳು ನಿಂತರು. ಯುದ್ಧ ಮುಗಿದಾಗ ಅವರ ರುಚಿಯೇ ಬದಲಾಗಿತ್ತು. ಒಳ್ಳೆಯದನ್ನು ಮಾಡಿದವನಿಗೂ ಕೆಟ್ಟದ್ದನ್ನು ಮಾಡಿದವರಿಗೂ ಪೆಟ್ಟು ಒಂದೇ! 1923ರಲ್ಲಿ ಯಾಸುಯುಕಿಯ ಕಾರ್ಯಾಗಾರ ಮುಚ್ಚಿತು. 1927ರಲ್ಲಿ, ಎಂಬತ್ತೆರಡು ವರ್ಷ ನಡೆಯುತ್ತಿದ್ದಾಗ, ಆತ ತೀರಿಕೊಂಡನು. ಕಾರ್ಯಾಗಾರ ಮತ್ತೆ ತೆರೆಯಲಿಲ್ಲ.

ಅವನ ಅತ್ಯುತ್ತಮ ಕೃತಿಗಳಲ್ಲಿ ಹಲವನ್ನು ಜಪಾನೀಯರು ನೋಡಬೇಕೆಂದರೆ ಬಹುಕಾಲ ಲಂಡನ್ನಿಗೆ ಹೋಗಬೇಕಾಗಿತ್ತು. ಪ್ರವಾಸಿಗಳು ಕೊಂಡೊಯ್ದದ್ದು ಅಲ್ಲಿನ ವಸ್ತುಸಂಗ್ರಹಾಲಯಗಳನ್ನೂ ಶ್ರೀಮಂತರ ಕಪಾಟುಗಳನ್ನೂ ಸೇರಿತ್ತು. 1980ರ ದಶಕದಿಂದ ಈಚೆಗೆ ಜಪಾನೀ ಸಂಗ್ರಾಹಕರು ಅವುಗಳನ್ನು ಪರದೇಶಗಳಲ್ಲಿ ಹುಡುಕಿ, ಹೆಚ್ಚಿನ ಬೆಲೆ ಕೊಟ್ಟು ಹಿಂದಕ್ಕೆ ತರಲು ತೊಡಗಿದರು. ಕ್ಯೋಟೋದ ಆ ಮನೆಯನ್ನು 2003ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಲಾಯಿತು. ಅಲ್ಲಿ ಕೊಳವಿದೆ, ಕುಲುಮೆಯ ಕೋಣೆಯಿದೆ, ಪರದೇಶೀಯರಿಗಾಗಿ ಎತ್ತರಿಸಿದ ಬಾಗಿಲುಗಳಿವೆ. ಊರಿನವರೂ ಈಗ ಅವುಗಳ ಮೂಲಕವೇ ಒಳಗೆ ಹೋಗಿ ಅವನ ಹೂದಾನಿಗಳನ್ನು ನೋಡುತ್ತಾರೆ.